ರೋಗಿಗಾಗಿ ಅಳು ಬಾರದಾದಾಗ ಏನು ಮಾಡಬೇಕು

2021ರ ಮೇ ಮೊದಲ ವಾರ. 5ನೇ ತಾರೀಖು ಒಂದೇ ದಿನ ರಾಜ್ಯದಲ್ಲಿ 50 ಸಾವಿರಕ್ಕೂ ಜಾಸ್ತಿ ಹೊಸ ಕೇಸು ಬಂದಿತ್ತು. ನನಗೆ ಕೋವಿಡ್ ಐಸಿಯುನಲ್ಲಿ ನೈಟ್ ಡ್ಯೂಟಿ. ರಾತ್ರಿ ಎರಡೂವರೆಗೆ ಒಬ್ಬ ಹುಡುಗ ಫೋನ್ ಮಾಡಿದ. "ಸಿಸ್ಟರ್, ನಮ್ಮಪ್ಪ ಹೇಗಿದ್ದಾರೆ?" ಯಾವ ಬೆಡ್ ಅಂದೆ. ಹನ್ನೊಂದು ಅಂದ. "ಹೋಗ್ಬಿಟ್ರು. ಬೆಳಿಗ್ಗೆ ಆಧಾರ್ ಕಾರ್ಡ್ ತಗೊಂಡು ಬನ್ನಿ" ಅಂತ ಹೇಳಿ ಫೋನ್ ಇಟ್ಟೆ. ನನಗೆ ಏನೂ ಅನ್ನಿಸಲಿಲ್ಲ.

ಎರಡು ವಾರದ ಮೇಲೆ ಮನೆಯಲ್ಲಿ ಅಮ್ಮ ಮಂಡಿನೋವು ಅಂದಾಗ ಸಿಟ್ಟು ನೆತ್ತಿಗೇರಿತು. ಆವಾಗಲೇ ನನಗೆ ಏನೋ ಆಗಿದೆ ಅಂತ ಗೊತ್ತಾಗಿದ್ದು.

2024ರಲ್ಲಿ ಡೆಂಗಿಯಿಂದ ವಾರ್ಡ್ ತುಂಬಿದಾಗ ಕಿರಿಯ ಸಿಸ್ಟರ್ ಒಬ್ಬಳು ಬಂದು "ಅಕ್ಕಾ, ಮಗು ಅಳ್ತಿದ್ರೂ ನನಗೆ ಏನೂ ಅನ್ನಿಸ್ತಾ ಇಲ್ಲ. ನಾನು ಕೆಟ್ಟವಳಾ?" ಅಂದಳು. ಅಲ್ಲ. ಬೇರೆಯವರ ನೋವನ್ನು ದಿನಾ ನೋಡಿ ನೋಡಿ ಕರುಣೆ ದಣಿಯುತ್ತದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರುತು ಹಿಡಿಯಿರಿ

ಬರೀ ಕೆಲಸದ ಸುಸ್ತಾದರೆ ಎರಡು ದಿನ ರಜಾ ಹಾಕಿ ಮಲಗಿದರೆ ಎಷ್ಟೋ ಹಗುರ ಆಗುತ್ತದೆ. ಕರುಣೆಯ ದಣಿವು ಹಾಗಲ್ಲ. ರಜೆಯಲ್ಲೂ ಮಾನಿಟರ್ ಬೀಪ್ ಕಿವಿಯಲ್ಲಿ ಇರುತ್ತದೆ. ರೋಗಿಯ ಕಡೆಯವರು ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ. ಸಾವಿನ ಸುದ್ದಿ ಹೇಳುವಾಗ ಮನಸ್ಸು ಮರಗಟ್ಟಿರುತ್ತದೆ, ಮನೆಯಲ್ಲಿ ಸಣ್ಣದಕ್ಕೂ ರೇಗುತ್ತದೆ. ಪ್ರೊಕ್ವಾಲ್ ಅಂತ 30 ಪ್ರಶ್ನೆಗಳ ಪಟ್ಟಿ ಇದೆ, ದುಡ್ಡು ಕೊಡಬೇಕಿಲ್ಲ. ಕೆಲಸದಿಂದ ಸಿಗುವ ತೃಪ್ತಿ, ಕೆಲಸದ ದಣಿವು, ಬೇರೆಯವರ ಸಂಕಟದಿಂದ ನಮಗಾದ ಪೆಟ್ಟು, ಈ ಮೂರನ್ನೂ ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಅದು ಕಾಯಿಲೆ ಪತ್ತೆ ಮಾಡುವ ಟೆಸ್ಟ್ ಅಲ್ಲ. ಆದರೆ ತಿಂಗಳಿಗೊಮ್ಮೆ ತುಂಬಿದರೆ ನಾವು ಯಾವ ಕಡೆ ಜಾರುತ್ತಿದ್ದೇವೆ ಅಂತ ತಿಳಿಯುತ್ತದೆ.

ಒಂದು ಡ್ಯೂಟಿಗೆ ಒಬ್ಬರು

ಮನಸ್ಸು ಕಲ್ಲು ಮಾಡಿಕೋ ಅಂತ ನಮಗೆ ಹಿರಿಯರು ಹೇಳಿಕೊಟ್ಟಿದ್ದರು. ನಾನು ಮಾಡಿಕೊಂಡೆ, ಅದರಿಂದ ದಣಿವೇನೂ ಕಮ್ಮಿ ಆಗಲಿಲ್ಲ. ಎಲ್ಲರ ನೋವನ್ನೂ ಹೊರುತ್ತೇನೆ ಅಂತ ಹೋದರೂ ಆಗದ ಮಾತು. ಹಾಗಾಗಿ ಒಂದು ಡ್ಯೂಟಿಗೆ ಒಬ್ಬ ರೋಗಿಯನ್ನು ಆರಿಸಿಕೊಳ್ಳಿ. ಔಷಧಿ, ಆರೈಕೆ ಎಲ್ಲರಿಗೂ ಒಂದೇ, ಅದರಲ್ಲಿ ಭೇದ ಬೇಡ. ಆದರೆ ಆ ಒಬ್ಬರ ಬಗ್ಗೆ ಒಂದು ವಿಷಯ ತಿಳಿದುಕೊಳ್ಳಿ. ಮನೆಯವರು ಫೋನ್ ಮಾಡಿದಾಗ "ಇವರನ್ನ ಮನೇಲಿ ಏನಂತ ಕರೀತೀರಿ?" ಅಂತ ಕೇಳಿ. ನಾನು ಹೀಗೆ ಕೇಳಿದ ಒಬ್ಬ ಅಜ್ಜಿಯ ಹೆಸರು ಕೇಸ್ ಶೀಟಿನಲ್ಲಿ ಏನೋ ಇತ್ತು, ಮನೆಯಲ್ಲಿ "ಚಿನ್ನಕ್ಕ". ಹಾಗೆ ಕರೆದಾಗ ಮಾಸ್ಕ್ ಒಳಗಿಂದಲೇ ಕಣ್ಣು ಬಿಟ್ಟು ನೋಡಿದರು. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ನನಗೆ ಅಳು ಬಂತು. ತಿಂಗಳಾದ ಮೇಲೆ ಮೊದಲ ಸಲ.

ಸಾವಿನ ಸುದ್ದಿ ಹೇಳುವಾಗ

ಒಬ್ಬರೇ ಇಡೀ ರಾತ್ರಿ ಈ ಫೋನ್ ಮಾಡಬಾರದು. ಡಾಕ್ಟರ್, ಸಿಸ್ಟರ್ ಸರದಿ ಹಾಕಿಕೊಳ್ಳಿ. ಕೂತು ಮಾತಾಡಿ. ಬೆಡ್ ನಂಬರ್ ಬೇಡ, ಹೆಸರು ಕೇಳಿ. ಜೊತೆಯಲ್ಲಿ ಯಾರಿದ್ದಾರೆ ಅಂತಲೂ ಕೇಳಿ. "ತೀರಿಕೊಂಡರು" ಅಂತ ನೇರವಾಗಿ ಹೇಳಿ, ಆಮೇಲೆ ಸುಮ್ಮನಿರಿ. ಅವರು ಅಳಲಿ. ಕಾಗದಪತ್ರದ ಮಾತು ಇನ್ನೊಂದು ಕರೆಗೆ ಇಟ್ಟುಕೊಳ್ಳಿ. ಮುಗಿದ ಮೇಲೆ ಐದು ನಿಮಿಷ ಇನ್ನೊಂದು ಫೋನ್ ಎತ್ತಬೇಡಿ, ಜೊತೆಯವರು ಎತ್ತಲಿ. ನಾನು ಆ ಹುಡುಗನಿಗೆ ಇದ್ಯಾವುದನ್ನೂ ಮಾಡಲಿಲ್ಲ.

ಡ್ಯೂಟಿ ಮುಗಿಸುವಾಗ

ಕೋವಿಡ್ ವಾರ್ಡಿನಲ್ಲಿ ಪಿಪಿಇ, ಅಂದರೆ ಮೈತುಂಬ ಹಾಕುವ ರಕ್ಷಣಾ ಉಡುಪು, ಬಿಚ್ಚುವಾಗ ನಮ್ಮ ಜೀವವೆಲ್ಲ ಬಾತ್‌ರೂಮಿನ ಕಡೆ, ನೀರಿನ ಬಾಟಲಿ ಕಡೆ ಇರುತ್ತಿತ್ತು. ಆರು ಗಂಟೆ ಎರಡೂ ಇಲ್ಲದೆ ಇದ್ದರೆ ಇನ್ನೇನು? ಮೊದಲು ಅವೆರಡೂ ಆಗಲಿ. ಆಮೇಲೆ ಮನೆಗೆ ಹೊರಡುವ ಮುಂಚೆ ಸೋಪು ಹಾಕಿ ಇನ್ನೊಮ್ಮೆ ಕೈ ತೊಳೆಯಿರಿ. ಹೇಗಿದ್ದರೂ ಕೈ ತೊಳೆಯಲು 40 ಸೆಕೆಂಡ್ ಬೇಕೇ ಬೇಕು. ಅಷ್ಟು ಹೊತ್ತು ಅವತ್ತು ಹೋದವರನ್ನು ನೆನೆಸಿಕೊಳ್ಳಿ. ಆಮೇಲೆ "ಹ್ಯಾಂಡೋವರ್ ಕೊಟ್ಟಾಯ್ತು" ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಇನ್ನೂ ಉಳಿದವರು ಮುಂದಿನ ಪಾಳಿಯವರ ಕೈಯಲ್ಲಿದ್ದಾರೆ. ಮನೆ ತಲುಪಿದ ಮೇಲೆ ವಾರ್ಡಿನ ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ, ಕೇಸಿನ ಲೆಕ್ಕ ಹೇಳುವ ಟಿವಿ ಬೇಡ. ಮನೆಯವರಿಗೆ ಮೊದಲೇ ಹೇಳಿಡಿ: "ಬಂದ ಅರ್ಧ ಗಂಟೆ ನನ್ನನ್ನ ಏನೂ ಕೇಳಬೇಡಿ, ಆಮೇಲೆ ನಾನೇ ಮಾತಾಡ್ತೀನಿ."

ಇನ್‌ಚಾರ್ಜ್ ಆಗಿರುವವರಿಗೆ

ಧ್ಯಾನದ ಕ್ಲಾಸು ಇಡುವ ಮುಂಚೆ ಡ್ಯೂಟಿ ಲಿಸ್ಟ್ ಸರಿ ಮಾಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಐಸಿಯುನಲ್ಲಿ ಇರುವವರನ್ನು ಸ್ವಲ್ಪ ದಿನ ರೋಗಿಗಳು ಗುಣವಾಗಿ ಮನೆಗೆ ಹೋಗುವ ವಾರ್ಡಿಗೆ ಹಾಕಿ. ನಡೆದುಕೊಂಡು ಹೋಗುವ ರೋಗಿಯನ್ನು ನೋಡದೆ ತಿಂಗಳುಗಟ್ಟಲೆ ಯಾರೂ ಇರಬಾರದು. ಗ್ರೂಪ್ ಡಿಯವರನ್ನು, ಆಂಬುಲೆನ್ಸ್ ಡ್ರೈವರ್‌ಗಳನ್ನು, ಹೆಣ ಕಟ್ಟುವವರನ್ನು ಮರೆಯಬೇಡಿ. ಅವರನ್ನು ಯಾರೂ "ಊಟ ಆಯ್ತಾ" ಅಂತಲೂ ಕೇಳಲಿಲ್ಲ. 2020ರ ಜುಲೈನಲ್ಲಿ ನಮ್ಮ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ, ಜೊತೆಗೆ ಸರಿಯಾದ ರಕ್ಷಣಾ ಸಾಮಗ್ರಿ. ಚಪ್ಪಾಳೆ ತಟ್ಟಿದರೆ ಹೊಟ್ಟೆ ತುಂಬುತ್ತದಾ?

ಇಷ್ಟಕ್ಕೇ ಸರಿಹೋಗದಿದ್ದರೆ

ಎರಡು ವಾರವಾದರೂ ನಿದ್ದೆ ಇಲ್ಲ, ಕುಡಿಯುವುದು ಜಾಸ್ತಿಯಾಗಿದೆ, ವಾರ್ಡಿನ ನಿದ್ದೆ ಮಾತ್ರೆ ಕಡೆ ಕೈ ಹೋಗುತ್ತಿದೆ ಅಂದರೆ ಡಾಕ್ಟರ್ ಹತ್ತಿರ ಹೋಗಿ. ಸಾಯಬೇಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಮಾತ್ರೆ ವಿಷಯ ನಮ್ಮವರು ಮುಚ್ಚಿಡುತ್ತಾರೆ, ಲೈಸೆನ್ಸ್ ಹೋಗುತ್ತೆ ಅಂತ ಹೆದರಿಕೆ. ದಯವಿಟ್ಟು ಮುಚ್ಚಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಿರಿಯ ಸಿಸ್ಟರ್‌ಗೆ ಮೊದಲ ಸಲ ನಂಬರ್ ಒತ್ತಲು ಕೈ ಬರಲಿಲ್ಲ. ನಾನೇ ಒತ್ತಿ ಫೋನ್ ಅವಳ ಕೈಗೆ ಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಕೂತೆ.