ಮಳೆಗಾಲದಲ್ಲಿ ಸಲ್ಫರ್ ಡೈಆಕ್ಸೈಡ್ ರೀಡಿಂಗ್ ಇಳಿದಿತ್ತು: ಸರಿಮಾಡಿದ್ದು ಹೀಗೆ

ಪೀಣ್ಯದ ನಮ್ಮ ಅನಲೈಸರ್‌ನಲ್ಲಿ (ಗಾಳಿಯಲ್ಲಿರುವ ಅನಿಲ ಅಳೆಯುವ ಯಂತ್ರ) ಮಳೆ ಶುರುವಾದ ಮೇಲೆ ಸಲ್ಫರ್ ಡೈಆಕ್ಸೈಡ್ ಸೊನ್ನೆಯ ಹತ್ತಿರವೇ ನಿಂತಿತ್ತು. ಮಳೆ ಗಾಳಿಯನ್ನು ತೊಳೆಯುತ್ತದೆ, ನಿಜ. ಆದರೆ ಕರೆಂಟ್ ಹೋಗಿ ಸುತ್ತಲಿನ ಡೀಸೆಲ್ ಜನರೇಟರ್‌ಗಳೆಲ್ಲ ಓಡುವಾಗಲಾದರೂ ಗೆರೆ ಏಳಬೇಕಲ್ವಾ?

ಅತಿನೇರಳೆ ಬೆಳಕು ಬಿದ್ದಾಗ ಈ ಅನಿಲದ ಅಣುಗಳು ಹೊಳೆಯುತ್ತವೆ. ಯಂತ್ರ ಅಳೆಯುವುದು ಆ ಹೊಳಪನ್ನೇ. ಸ್ಪ್ಯಾನ್ ಗ್ಯಾಸನ್ನು (ಪರೀಕ್ಷೆಗೆಂದೇ ಇರುವ, ಪ್ರಮಾಣ ಮೊದಲೇ ಗೊತ್ತಿರುವ ಗ್ಯಾಸ್) ನೇರವಾಗಿ ಯಂತ್ರದ ಹಿಂಭಾಗಕ್ಕೆ ಕೊಟ್ಟೆ. ರೀಡಿಂಗ್ ಸರಿ ಬಂತು. ಅದೇ ಗ್ಯಾಸನ್ನು ಹೊರಗಿನ ಗಾಳಿ ಒಳಬರುವ ಚಾವಣಿಯ ಇನ್‌ಲೆಟ್‌ನಿಂದ ಬಿಟ್ಟೆ. ನಿಧಾನವಾಗಿ ಏರಿ ಅರ್ಧದಲ್ಲೇ ನಿಂತಿತು. ಅಂದರೆ ತೊಂದರೆ ಇನ್‌ಲೆಟ್‌ನಿಂದ ಯಂತ್ರಕ್ಕೆ ಬರುವ ಟ್ಯೂಬಿನಲ್ಲಿ.

ಟಾರ್ಚ್ ಹಿಡಿದು ನೋಡಿದರೆ, ಎಸಿಯ ತಣ್ಣನೆ ಗಾಳಿ ಬಡಿಯುವ ಕಡೆ ಟ್ಯೂಬಿನ ಒಳಗೆ ಸಣ್ಣ ಸಣ್ಣ ಹನಿಗಳು. ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಯಂತ್ರ ಮುಟ್ಟುವ ಮೊದಲೇ ಆ ಹನಿಗಳು ಅನಿಲವನ್ನು ಹೀರಿಬಿಡುತ್ತಿದ್ದವು. ನಮ್ಮ ದೇಶದಲ್ಲಿ ಗಾಳಿಯಲ್ಲಿನ ಈ ಅನಿಲಕ್ಕೆ 24 ಗಂಟೆಯ ಸರಾಸರಿ ಮಿತಿಯೇ ಘನ ಮೀಟರಿಗೆ 80 ಮೈಕ್ರೋಗ್ರಾಂ, ಅಂದರೆ ನೂರು ಕೋಟಿಯಲ್ಲಿ ಸುಮಾರು 30 ಭಾಗ. ಇಷ್ಟು ಕಡಿಮೆ ಅಳೆಯುವಾಗ ಒಂದೆರಡು ಹನಿಯೂ ಜಾಸ್ತಿಯೇ.

ಹೊಸ ಟೆಫ್ಲಾನ್ ಟ್ಯೂಬ್ ಹಾಕಿ, ಉದ್ದ ಕಡಿಮೆ ಮಾಡಿ, ಫೋಮ್ ಸುತ್ತಿದೆ. ಎಸಿ ಗಾಳಿಯನ್ನು ಬೇರೆ ಕಡೆ ತಿರುಗಿಸಿದೆ. ಧೂಳು ಹಿಡಿದ ಫಿಲ್ಟರನ್ನೂ ಬದಲಾಯಿಸಿದೆ. ಈಗ ಎಲ್ಲಿಂದ ಗ್ಯಾಸ್ ಕೊಟ್ಟರೂ ಒಂದೇ ರೀಡಿಂಗ್. ಸ್ಪ್ಯಾನ್ ಪರೀಕ್ಷೆಯನ್ನು ಇನ್‌ಲೆಟ್‌ನಿಂದಲೂ ಮಾಡಿ. ಸುಮ್ನೆ ಯಂತ್ರದ ಹಿಂದೆ ಕೊಟ್ಟು ಬಿಟ್ಟರೆ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ.