ಕಾರ್ಖಾನೆ ಗೇಟು ನೋಡಿ ಮನೆ ಕೊಂಡೆವು: ಇಲಿನಾಯ್‌ನ ಮೆಕ್ಲೇನ್ ಕೌಂಟಿಯಲ್ಲಿ ನನ್ನ ಅನುಭವ

ಶಿಕಾಗೋದಿಂದ ಕಾರಿನಲ್ಲಿ ಎರಡು ಗಂಟೆಗೂ ಸ್ವಲ್ಪ ಜಾಸ್ತಿ ದೂರದಲ್ಲಿ ಬ್ಲೂಮಿಂಗ್ಟನ್ ಮತ್ತು ನಾರ್ಮಲ್ ಅನ್ನುವ ಜೋಡಿ ಊರುಗಳಿವೆ. ಸುತ್ತ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾಬೀನ್. ಇದು ಮೆಕ್ಲೇನ್ ಕೌಂಟಿ, ನಮ್ಮ ಕಡೆಯ ಜಿಲ್ಲೆ ಇದ್ದಂತೆ. ವಿಸ್ತೀರ್ಣದಲ್ಲಿ ಇಲಿನಾಯ್ ರಾಜ್ಯಕ್ಕೇ ದೊಡ್ಡದು, ಜನ ಮಾತ್ರ 1.7 ಲಕ್ಷದಷ್ಟು. ಇನ್ಶೂರೆನ್ಸ್ ಕಂಪನಿಗಳ ಐಟಿ ಕೆಲಸಕ್ಕೆ ಬಂದು ಇಲ್ಲೇ ಉಳಿದ ಕನ್ನಡದವರು ಸಾಕಷ್ಟು ಇದ್ದೇವೆ. ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ, ಮನೆ ತಗೋಬಹುದಾ ಅಂತ. ನಾವು 2023ರಲ್ಲಿ ತಗೊಂಡೆವು. ಹೇಗೆ ಲೆಕ್ಕ ಹಾಕಿದೆವು ಅಂತ ಬರೆಯುತ್ತೇನೆ.

ಮನೆ ನೋಡುವುದಕ್ಕಿಂತ ಮೊದಲು ನಾನು ನೋಡಿದ್ದು ಇಲ್ಲಿ ಸಂಬಳ ಕೊಡುವವರು ಯಾರು ಅಂತ. ಪಟ್ಟಿ ಚಿಕ್ಕದು. 1922ರಲ್ಲಿ ಇಲ್ಲೇ ಹುಟ್ಟಿದ ಸ್ಟೇಟ್ ಫಾರ್ಮ್, ಕಂಟ್ರಿ ಫೈನಾನ್ಶಿಯಲ್, ಇಲಿನಾಯ್ ಸ್ಟೇಟ್ ಯೂನಿವರ್ಸಿಟಿ, ಆಸ್ಪತ್ರೆಗಳು. ಇವುಗಳ ಜೊತೆಗೆ ನಾರ್ಮಲ್‌ನ ಪಶ್ಚಿಮ ಅಂಚಿನ ಕಾರು ಕಾರ್ಖಾನೆ. ಆ ಕಾರ್ಖಾನೆಯ ಕಥೆ ಗೊತ್ತಾದರೆ ಇಲ್ಲಿನ ಮನೆ ಬೆಲೆಯ ಅರ್ಧ ಕಥೆ ಗೊತ್ತಾದಂತೆ. 1988ರಲ್ಲಿ ಕ್ರೈಸ್ಲರ್ ಮತ್ತು ಮಿತ್ಸುಬಿಶಿ ಸೇರಿ ಅಲ್ಲಿ ಕಾರು ಮಾಡಲು ಶುರು ಮಾಡಿದವು. ಆಮೇಲೆ ಮಿತ್ಸುಬಿಶಿ ಒಂದೇ ನಡೆಸಿ, 2015ರಲ್ಲಿ ನಿಲ್ಲಿಸಿತು. ಅದೇ ದಶಕದಲ್ಲಿ ಸ್ಟೇಟ್ ಫಾರ್ಮ್ ಕೂಡ ಡಲ್ಲಾಸ್, ಅಟ್ಲಾಂಟಾ, ಫೀನಿಕ್ಸ್ ಕಡೆ ದೊಡ್ಡ ಕಚೇರಿಗಳನ್ನು ತೆರೆಯಿತು. ಊರಿಗೆ ಎರಡೂ ಕಡೆಯಿಂದ ಪೆಟ್ಟು.

2017ರಲ್ಲಿ ಎಲೆಕ್ಟ್ರಿಕ್ ವಾಹನ ಕಂಪನಿ ರಿವಿಯನ್ ಆ ಖಾಲಿ ಕಾರ್ಖಾನೆಯನ್ನು ಬರೀ 1.6 ಕೋಟಿ ಡಾಲರಿಗೆ ಕೊಂಡಿತು. 2021ರ ಸೆಪ್ಟೆಂಬರಿನಲ್ಲಿ ಮೊದಲ ಎಲೆಕ್ಟ್ರಿಕ್ ಪಿಕಪ್ ಹೊರಬಂತು. ಸಾವಿರಾರು ಜನ ಕೆಲಸಕ್ಕೆ ಬಂದರು. ಅವರಿಗೆ ಸಾಕಾಗುವಷ್ಟು ಮನೆ ಊರಲ್ಲಿ ಇರಲಿಲ್ಲ, ಯಾಕೆಂದರೆ ಹಿಂದಿನ ವರ್ಷಗಳಲ್ಲಿ ಬಿಲ್ಡರುಗಳು ಕೈ ಕಟ್ಟಿ ಕೂತಿದ್ದರು. ನಾವು ನೋಡಿದ ಎಷ್ಟೋ ಮನೆಗಳ ಹಳೆಯ ಮಾರಾಟದ ದಾಖಲೆ ತೆಗೆದು ನೋಡಿದೆ. 2010ರ ದಶಕದಲ್ಲಿ ಬೆಲೆ ಕದಲಿದ್ದೇ ಕಡಿಮೆ. 2021ರ ನಂತರ ಸಟಕ್ಕನೆ ಏರಿದೆ.

ಬಡ್ಡಿಯ ಕಥೆ ಬೇರೆ. ಕೊನೆಯವರೆಗೂ ಬಡ್ಡಿ ಬದಲಾಗದ 30 ವರ್ಷದ ಮನೆ ಸಾಲದ ಸರಾಸರಿ ಬಡ್ಡಿ 2021ರ ಜನವರಿಯಲ್ಲಿ ಶೇ. 2.65ಕ್ಕೆ ಇಳಿದಿತ್ತು. 2023ರ ಅಕ್ಟೋಬರಿನಲ್ಲಿ ಶೇ. 7.79 ಮುಟ್ಟಿತು. 2.4 ಲಕ್ಷ ಡಾಲರ್ ಸಾಲಕ್ಕೆ ಶೇ. 3ರಲ್ಲಿ ತಿಂಗಳ ಕಂತು ಸುಮಾರು 1,012 ಡಾಲರ್, ಶೇ. 7ರಲ್ಲಿ 1,597. ಬಡ್ಡಿ ಏರಿದರೆ ಬೆಲೆ ಇಳಿಯುತ್ತೆ ಅಂತ ಕಾದವರು ಇದ್ದರು. ಇಳಿಯಲಿಲ್ಲ. ಶೇ. 3ರ ಸಾಲ ಇದ್ದವನು ಅದನ್ನು ಬಿಟ್ಟು ಶೇ. 7ರ ಸಾಲಕ್ಕೆ ಯಾಕೆ ಹೋಗುತ್ತಾನೆ? ಮನೆ ಮಾರದೆ ಸುಮ್ನೆ ಕೂತ. ಮಾರಾಟಕ್ಕೆ ಬರುವ ಮನೆ ಇನ್ನೂ ಕಡಿಮೆಯಾಯಿತು.

ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಕಚ್ಚುವುದು ಪ್ರಾಪರ್ಟಿ ಟ್ಯಾಕ್ಸ್. ಇಲಿನಾಯ್‌ನ ಹೆಚ್ಚಿನ ಕೌಂಟಿಗಳಂತೆ ಇಲ್ಲೂ ಮಾರುಕಟ್ಟೆ ಬೆಲೆಯ ಮೂರನೇ ಒಂದು ಭಾಗಕ್ಕೆ ತೆರಿಗೆ ಕಟ್ಟುತ್ತಾರೆ. ಕೇಳಲು ಕಡಿಮೆ ಅನಿಸುತ್ತೆ, ಅಲ್ವಾ? 3 ಲಕ್ಷದ ಮನೆಗೆ ಲೆಕ್ಕ ಮಾಡಿ. ಮೂರನೇ ಒಂದು ಭಾಗ ಅಂದರೆ 1 ಲಕ್ಷ. ಸ್ವಂತ ವಾಸಕ್ಕೆ 6,000 ವಿನಾಯಿತಿ ತೆಗೆದರೆ 94,000. ದರ ನೂರಕ್ಕೆ 8 ಅಂತ ಇಟ್ಟುಕೊಂಡರೆ ವರ್ಷಕ್ಕೆ 7,520, ಅಂದರೆ ತಿಂಗಳಿಗೆ 627 ಡಾಲರ್. ಸಾಲ ತೀರಿದ ಮೇಲೂ ಇದು ತೀರುವುದಿಲ್ಲ. ಇದರಲ್ಲಿ ದೊಡ್ಡ ಪಾಲು ಶಾಲೆಗಳಿಗೆ ಹೋಗುತ್ತೆ. ಹಾಗಾಗಿ ಮನೆ ಯಾವ ಶಾಲಾ ಜಿಲ್ಲೆಗೆ ಸೇರಿದೆ ಅನ್ನುವುದು ಮಕ್ಕಳಿಲ್ಲದವರಿಗೂ ಮುಖ್ಯ. ನಾನು ಪ್ರತಿ ಮನೆಯ ತೆರಿಗೆ ಬಿಲ್ಲನ್ನು ಕೌಂಟಿಯ ದಾಖಲೆಯಲ್ಲಿ ನೋಡಿ, ಕಂತಿಗೆ ಸೇರಿಸಿ, ಆಮೇಲೆ ಮನೆ ನೋಡಲು ಹೋಗುತ್ತಿದ್ದೆ. ಅರ್ಧ ಪಟ್ಟಿ ಅಲ್ಲೇ ಉದುರುತ್ತಿತ್ತು.

ಇನ್ನೊಂದು ವಿಷಯ. ಇಲ್ಲಿ ಈ ವರ್ಷದ ತೆರಿಗೆಯನ್ನು ಮುಂದಿನ ವರ್ಷ ಕಟ್ಟುತ್ತಾರೆ. ಅದಕ್ಕೇ ಮನೆ ಕೈ ಬದಲಾಗುವ ದಿನ ಮಾರುವವರು ತಮ್ಮ ಪಾಲಿನ ತೆರಿಗೆಯನ್ನು ನಮ್ಮ ಲೆಕ್ಕಕ್ಕೆ ಬಿಡುತ್ತಾರೆ. ಕೈಯಿಂದ ಹಾಕುವ ದುಡ್ಡು ಅಷ್ಟು ಕಡಿಮೆಯಾಗುತ್ತೆ. ಆದರೆ ಅದು ಉಳಿತಾಯ ಅಲ್ಲ, ಮುಂದೆ ಬಿಲ್ ಬಂದಾಗ ಕಟ್ಟಬೇಕಾದವರು ನಾವೇ.

ಊರಿಂದ ಅಪ್ಪ ಫೋನಿನಲ್ಲಿ ಕೇಳಿದ್ದು, "ಸೈಟ್ ಎಷ್ಟಪ್ಪ? ಮುಂದೆ ರೇಟ್ ಬರುತ್ತಾ?" ಬೆಂಗಳೂರಿನ ಲೆಕ್ಕ ಅದು. ಅಲ್ಲಿ ಬೆಲೆ ಏರುವುದು ಸೈಟಿಗೆ, ಮನೆ ಹಳತಾದರೂ ಚಿಂತೆಯಿಲ್ಲ. ಇಲ್ಲಿ ಜಾಗಕ್ಕೆ ಬರಗಾಲವಿಲ್ಲ, ಊರು ಹೊಲದ ಕಡೆ ಬೆಳೆಯುತ್ತಾ ಹೋಗಬಹುದು. ನಾವು ಹಣ ಕೊಡುವುದು ಮುಖ್ಯವಾಗಿ ಮರದ ಮನೆಗೆ, ಅದರ ಛಾವಣಿಗೆ, ಮನೆ ಬೆಚ್ಚಗಿಡುವ ಫರ್ನೇಸಿಗೆ. ಅವಕ್ಕೆ ವಯಸ್ಸಾಗುತ್ತೆ. ಹಾಗಾಗಿ ಕೊಳ್ಳುವ ಮೊದಲು ತಜ್ಞರಿಂದ ಮಾಡಿಸುವ ಇನ್‌ಸ್ಪೆಕ್ಷನ್ ಬಿಡಬೇಡಿ, ಪೈಪೋಟಿ ಎಷ್ಟೇ ಇರಲಿ. ಇಲ್ಲಿನ ಮಣ್ಣು ನಮ್ಮ ಧಾರವಾಡದ ಎರೆಮಣ್ಣಿನಷ್ಟೇ ಕಪ್ಪು, ನೀರು ಬೇಗ ಬಸಿಯುವುದಿಲ್ಲ. ಬೇಸ್‌ಮೆಂಟಿಗೆ ಬರುವ ನೀರನ್ನು ಹೊರಹಾಕುವ ಸಂಪ್ ಪಂಪು ಕೆಲಸ ಮಾಡುತ್ತಾ, ಕರೆಂಟ್ ಹೋದರೆ ಬ್ಯಾಟರಿ ಇದೆಯಾ ಅಂತ ನೋಡಿ. ನೆಲದಿಂದ ಮನೆಯೊಳಗೆ ಬರುವ ವಿಕಿರಣಶೀಲ ಅನಿಲ ರೇಡಾನ್‌ನ ಪರೀಕ್ಷೆ ಮಾಡಿಸಿ. ಲೀಟರ್ ಗಾಳಿಗೆ 4 ಪಿಕೋಕ್ಯೂರಿ ಅಥವಾ ಅದಕ್ಕಿಂತ ಮೇಲಿದ್ದರೆ ಸರಿಪಡಿಸಬೇಕು ಅನ್ನುವುದು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಸಲಹೆ.

ಎಚ್-1ಬಿ ಕೆಲಸದ ವೀಸಾದಲ್ಲಿರುವ ನಮ್ಮಂಥ ಜನರಿಗೆ ಬ್ಯಾಂಕ್ ಸಾಲ ಸಿಗುತ್ತೆ. ಆದರೆ 2025ರ ಮೇ ಕೊನೆಯಿಂದ ಗ್ರೀನ್ ಕಾರ್ಡ್ ಇಲ್ಲದ ವೀಸಾದವರಿಗೆ ಎಫ್‌ಎಚ್‌ಎ ಸಾಲ, ಅಂದರೆ ಕೇಂದ್ರ ಸರ್ಕಾರದ ವಿಮೆ ಇರುವ ಮನೆ ಸಾಲ, ನಿಂತಿದೆ. ಕೆಲಸ ಹೋದರೆ ದೇಶದಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಈ ಸಣ್ಣ ಊರಲ್ಲಿ ಅದೇ ಥರದ ಇನ್ನೊಂದು ಕೆಲಸ ಹುಡುಕುವುದು ಕಷ್ಟ. ಆದ್ದರಿಂದ ನಾವು ಹಾಕಿಕೊಂಡ ನಿಯಮ ಎರಡು. ಕೆಲಸ ಹೋದರೆ ಬಾಡಿಗೆಗೆ ಕೊಡಬಹುದಾದ ಮನೆಯೇ ಆಗಬೇಕು, ಕಂತು ಒಬ್ಬರ ಸಂಬಳದಲ್ಲಿ ನಡೆಯಬೇಕು.

ಮುಂದೇನು? 2024ರ ಮಾರ್ಚಿನಲ್ಲಿ ರಿವಿಯನ್ ತನ್ನ ಕಡಿಮೆ ಬೆಲೆಯ ಆರ್‌2 ಕಾರನ್ನು ಜಾರ್ಜಿಯಾ ರಾಜ್ಯದ ಬದಲು ಮೊದಲು ನಾರ್ಮಲ್‌ನಲ್ಲೇ ಮಾಡುವುದಾಗಿ ಹೇಳಿತು. ರಾಜ್ಯ ಸರ್ಕಾರ 82.7 ಕೋಟಿ ಡಾಲರ್ ಪ್ರೋತ್ಸಾಹ ಘೋಷಿಸಿತು. ಆದರೆ ಎಲೆಕ್ಟ್ರಿಕ್ ಕಾರಿಗೆ ಇದ್ದ 7,500 ಡಾಲರಿನ ಕೇಂದ್ರ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಆರ್‌2 ಓಡಿದರೆ ಬೆಲೆ ನಿಲ್ಲುತ್ತೆ, ಎಡವಿದರೆ 2015ರ ಥರ ಮತ್ತೆ ಮಂಕಾಗಬಹುದು. ಇನ್ಶೂರೆನ್ಸ್ ಮತ್ತು ಯೂನಿವರ್ಸಿಟಿ ಇರುವುದರಿಂದ ಕುಸಿಯುವುದಿಲ್ಲ ಅಂತ ನನ್ನ ಅಂದಾಜು. ಐದು ವರ್ಷ ಇಲ್ಲೇ ಇರುವ ಭರವಸೆ ಇಲ್ಲದವರಿಗೆ ಬಾಡಿಗೆ ಮನೆಯೇ ಸಾಕು ಅಂತ ಹೇಳುತ್ತೇನೆ. ಕೊಂಡವರು ಅಸೆಸ್‌ಮೆಂಟ್, ಅಂದರೆ ತೆರಿಗೆಗಾಗಿ ಮನೆಗೆ ಕಟ್ಟುವ ಮೌಲ್ಯ, ಪ್ರಕಟವಾದಾಗ ಅಕ್ಕಪಕ್ಕದ ಮನೆಗಳ ಮೌಲ್ಯದ ಜೊತೆ ಹೋಲಿಸಿ. ಜಾಸ್ತಿ ಹಾಕಿದ್ದರೆ ಪ್ರಕಟವಾದ 30 ದಿನದೊಳಗೆ ಇಂಥ ತಕರಾರು ಕೇಳುವ ಕೌಂಟಿಯ ಬೋರ್ಡ್ ಆಫ್ ರಿವ್ಯೂಗೆ ಅರ್ಜಿ ಹಾಕಬಹುದು.