ಅಪರೂಪದ ಕಾರು: ಎಕ್ಸ್‌ಚೇಂಜ್‌ಗೆ ಕೀ ಕೊಡುವ ಮುನ್ನ

ಹಳೆಯ ಕಾರು ಕೊಟ್ಟು ಹೊಸದು ಕೊಳ್ಳಲು, ಅಂದರೆ ಎಕ್ಸ್‌ಚೇಂಜ್‌ಗೆ ಹೋದರೆ, ಹಳೆಯದಕ್ಕೆ ಬೆಲೆ ಕಟ್ಟುವವರು ಶೋರೂಂನಲ್ಲಿ ಟ್ಯಾಬ್ ಹಿಡಿದು ಬರುತ್ತಾರೆ. ಕಂಪನಿ, ಮಾದರಿ, ಇಸವಿ, ಪೆಟ್ರೋಲೋ ಡೀಸೆಲ್ಲೋ, ಎಷ್ಟು ಓಡಿದೆ ಎಂದು ಒತ್ತುತ್ತಾ ಹೋದರೆ ಕೊನೆಗೊಂದು ಬೆಲೆ ಮೂಡುತ್ತದೆ. ಊರಲ್ಲಿ ನೂರಾರು ಓಡಾಡುವ ಕಾರಿಗೆ ಈ ಬೆಲೆ ಹೆಚ್ಚುಕಡಿಮೆ ಸರಿಯೇ. ಇಡೀ ದೇಶಕ್ಕೆ ಇನ್ನೂರೇ ಬಂದ ಕಾರಿಗೆ ಅದು ಸರಿಹೊಂದುವುದಿಲ್ಲ.

ಫೋಕ್ಸ್‌ವ್ಯಾಗನ್ ಪೊಲೊ ಜಿಟಿಐ ನೋಡಿ. 2016ರ ನವೆಂಬರ್‌ನಲ್ಲಿ ಆಮದಾಗಿ ಬಂದದ್ದು, ಮೊದಲಿಗೆ 99 ಮಾತ್ರ. 1.8 ಲೀಟರ್ ಟರ್ಬೊ ಎಂಜಿನ್, 192 ಪಿಎಸ್ (ಅಶ್ವಶಕ್ತಿ), ಮೂರೇ ಬಾಗಿಲು. ಟ್ಯಾಬ್‌ನಲ್ಲಿ ‘ಪೊಲೊ, ಪೆಟ್ರೋಲ್’ ಎಂದು ಒತ್ತಿದರೆ ಅದೂ 1.2 ಲೀಟರಿನ ಮಾಮೂಲಿ ಪೊಲೊ ಸಾಲಿಗೇ ಸೇರುತ್ತದೆ. ಬಳ್ಳಾರಿ, ಹೊಸಪೇಟೆ, ರಾಯಚೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರಿಗೆ ಮೊದಲ ನಷ್ಟ ಆಗುವುದು ಇಲ್ಲೇ. ಕಾರಿನ ಮರ್ಮ ಬಲ್ಲ ಗಿರಾಕಿ ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿರುತ್ತಾನೆ. ಬೆಲೆ ಕಟ್ಟುವುದು ಮಾತ್ರ ಇಲ್ಲಿ.

ಹಾಗೆಂದು ಎಕ್ಸ್‌ಚೇಂಜ್ ಯಾವಾಗಲೂ ತಪ್ಪಲ್ಲ. ಕೆಲವು ಕಾರುಗಳಿಗೆ ಅದೇ ಒಳ್ಳೆಯ ದಾರಿ. ನಿಮ್ಮದು ಯಾವುದು ಎಂದು ತಿಳಿಯಲು ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ.

ಮೊದಲು: ನಿಜಕ್ಕೂ ಅಪರೂಪವೇ?

‘ಲಿಮಿಟೆಡ್ ಎಡಿಷನ್’ ಎಂಬ ಹೆಸರಿನಲ್ಲಿ ಎರಡು ಜಾತಿಯ ಕಾರುಗಳಿವೆ. ಒಂದು, ಮಾಮೂಲಿ ಕಾರಿಗೆ ಪಟ್ಟೆ ಸ್ಟಿಕ್ಕರ್, ಬೇರೆ ಬಣ್ಣದ ಸೀಟು, ಕಪ್ಪು ಕನ್ನಡಿ ಹಾಕಿದ್ದು. ನಾಲ್ಕೈದು ವರ್ಷ ಕಳೆದ ಮೇಲೆ ಇದಕ್ಕೆ ಹೆಚ್ಚುವರಿ ಬೆಲೆ ಸಿಗುವುದು ತೀರಾ ಕಡಿಮೆ. ಇನ್ನೊಂದು, ಯಂತ್ರವೇ ಬೇರೆ ಇರುವುದು. 2020ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಎರಡನೆಯ ಜಾತಿ. ಭಾರತಕ್ಕೆ 200 ಕಾರು, 2 ಲೀಟರ್ ಟರ್ಬೊ, 245 ಪಿಎಸ್, ಮುಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಎಲೆಕ್ಟ್ರಾನಿಕ್ ಲಾಕ್. ಶೋರೂಂ ಬೆಲೆ 35.99 ಲಕ್ಷ ರೂಪಾಯಿ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕು ಈ ನಾಲ್ಕರಲ್ಲಿ ಒಂದಾದರೂ ಮಾಮೂಲಿ ಮಾದರಿಯಲ್ಲಿ ಸಿಗದಂಥದ್ದಾಗಿದ್ದರೆ, ಎಷ್ಟು ಕಾರು ತಂದೆವೆಂದು ಕಂಪನಿಯೇ ಹೇಳಿದ್ದರೆ, ನಿಮ್ಮ ಕಾರು ಅಪರೂಪದ್ದು.

ಆದರೆ ಅಪರೂಪ ಎಂದ ಮಾತ್ರಕ್ಕೆ ಬೆಲೆ ಏರಲೇಬೇಕೆಂದಿಲ್ಲ. 25.65 ಲಕ್ಷಕ್ಕೆ ಬಂದ ಆ ಪೊಲೊ ಜಿಟಿಐ ಬೆಲೆಯನ್ನು ಕಂಪನಿಯೇ ಮರುವರ್ಷ 19.99 ಲಕ್ಷಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ, ಸೆಸ್ ಸೇರಿ 45ರಿಂದ 50 ಪರ್ಸೆಂಟ್ ಇದ್ದದ್ದು 40ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದಾಗ ಹಳೆಯದೂ ಇಳಿಯುತ್ತದೆ. ಅದೇ ವರ್ಷ ಹೊಸ ಆಕ್ಟೇವಿಯಾ ಆರ್‌ಎಸ್ 49.99 ಲಕ್ಷಕ್ಕೆ ಬಂತು, ಬರೀ 100 ಕಾರು. ಹೊಸದು ಅಷ್ಟು ದುಬಾರಿಯಾದರೆ ಹಳೆಯ 245ನ್ನು ಹುಡುಕುವವರು ಹೆಚ್ಚುತ್ತಾರೆ. ಹೀಗೆ ಎರಡೂ ಕಡೆ ಎಳೆತ ಇರುವುದರಿಂದ ಎರಡು ವರ್ಷ ಹಿಂದೆ ಕೇಳಿದ ಬೆಲೆಯನ್ನು ತಲೆಯಲ್ಲಿಟ್ಟುಕೊಂಡು ಕೂರಬೇಡಿ.

ಎರಡನೆಯದು: ಕಾರು ಹುಟ್ಟಿದ ಹಾಗೇ ಇದೆಯೇ?

ಹೆಚ್ಚಿನ ಬೆಲೆ ಬರುವುದೂ ಹೋಗುವುದೂ ಈ ಪರೀಕ್ಷೆಯಲ್ಲಿ. ಅವಸರ ಮಾಡಬೇಡಿ.

ಮುಂಗಾಜಿನ ಕೆಳಗೆ, ಬಾಗಿಲ ಕಂಬದ ಮೇಲೆ, ಆರ್‌ಸಿಯಲ್ಲಿ ಇರುವ ಷಾಸಿ ಸಂಖ್ಯೆ ಅಕ್ಷರಕ್ಕಕ್ಷರ ಒಂದೇ ಇರಬೇಕು. ಕಂಪನಿ ಕೊಟ್ಟ ಎರಡೂ ಕೀ, ಮೊದಲ ಇನ್‌ವಾಯ್ಸ್, ಸರ್ವಿಸ್ ದಾಖಲೆ, ಸ್ಟೆಪ್ನಿ, ಟೂಲ್ ಕಿಟ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ ನೋಡಿ. ಒಂದು ಕೀ ಕಾಣೆಯಾಗಿದ್ದರೆ ಕೊಳ್ಳುವವನು ಕೀ ಮಾಡಿಸುವ ಖರ್ಚಿಗಿಂತ ಹೆಚ್ಚೇ ಬೆಲೆ ಕಡಿಯುತ್ತಾನೆ. ಆ ಕೀ ಯಾರ ಕೈಯಲ್ಲಿದೆಯೋ ಎಂಬ ಅನುಮಾನ ಅವನದು.

ನಂತರ ಬಣ್ಣ. ಬಣ್ಣದ ದಪ್ಪ ಅಳೆಯುವ ಗೇಜ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಬಾನೆಟ್, ಛಾವಣಿ, ನಾಲ್ಕು ಬಾಗಿಲು, ಡಿಕ್ಕಿ, ಒಂದೊಂದರ ಮೇಲೂ ಐದು ಕಡೆ ಇಟ್ಟು ಬರೆದುಕೊಳ್ಳಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). 200 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 300 ದಾಟಿದರೆ ಒಳಗೆ ಪುಟ್ಟಿ ಇದೆ ಎಂದು ತಿಳಿಯಬಹುದು. ಪ್ಲಾಸ್ಟಿಕ್ ಬಂಪರಿಗೆ ಈ ಗೇಜ್ ನಡೆಯದು. 80ಕ್ಕಿಂತ ತುಂಬಾ ಕೆಳಗೆ ತೋರಿಸಿದರೂ ಚಿಂತೆಯೇ. ನಮ್ಮ ಕಡೆ ಅದಕ್ಕೆ ಕಾರಣ ಬಹುತೇಕ ಗಣಿ ಧೂಳು. ತೋರಣಗಲ್ಲು, ಸಂಡೂರು ರಸ್ತೆಯಲ್ಲಿ ಓಡಿದ ಕಾರನ್ನು ಒಣಬಟ್ಟೆಯಿಂದ ಒರೆಸಿದರೆ ಅದಿರಿನ ಗಟ್ಟಿ ಕಣಗಳು ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಮೇಲೆ ಸುರುಳಿ ಗೀರು ಎಳೆಯುತ್ತವೆ. ಆ ಗೀರು ತೆಗೆಯಲು ಹೊಡೆಯುವ ಪ್ರತಿ ಕಾಂಪೌಂಡ್ ಪಾಲಿಷ್ ಆ ಪದರದಿಂದ ಒಂದಷ್ಟು ಮೈಕ್ರಾನ್ ಕೆರೆಯುತ್ತದೆ. ಪದರ ಇರುವುದೇ ಸುಮಾರು 40ರಿಂದ 50 ಮೈಕ್ರಾನ್. ಆದ್ದರಿಂದ ಮಾರುವ ಮುನ್ನ ‘ಮಿಂಚಲಿ’ ಎಂದು ಮತ್ತೊಂದು ಪಾಲಿಷ್‌ಗೆ ಬಿಡುವ ಮೊದಲು ಗೇಜ್ ಹಿಡಿಯಿರಿ.

ಧೂಳು ಹೊರಗಷ್ಟೇ ನಿಲ್ಲುವುದಿಲ್ಲ. ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ಫಿಲ್ಟರನ್ನು ಬಿಳಿ ಬಟ್ಟೆಯ ಮೇಲೆ ಮೆಲ್ಲಗೆ ತಟ್ಟಿ. ಕೆಂಪು ಪುಡಿ ಉದುರಿದರೆ ಗಾಬರಿ ಬೇಡ, ಫಿಲ್ಟರ್ ಇರುವುದೇ ಅದನ್ನು ಹಿಡಿಯಲು. ಈಗ ಫಿಲ್ಟರಿನ ಆಚೆ, ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬೆರಳಾಡಿಸಿ. ಬೆರಳ ತುದಿಗೆ ಕೆಂಪು ಹತ್ತಿದರೆ ಧೂಳು ಫಿಲ್ಟರ್ ದಾಟಿದೆ. ಮುಚ್ಚಳದ ಸ್ಕ್ರೂ ಸರಿಯಾಗಿ ಬಿಗಿಯದೆ ಇದ್ದದ್ದೋ, ಅಗ್ಗದ ಫಿಲ್ಟರಿನ ರಬ್ಬರ್ ಅಂಚು ಕೂರದೇ ಇದ್ದದ್ದೋ, ‘ಸೌಂಡ್ ಚೆನ್ನಾಗಿ ಬರುತ್ತೆ’ ಎಂದು ತೆರೆದ ಫಿಲ್ಟರ್ ಹಾಕಿಸಿದ್ದೋ ಕಾರಣವಾಗಿರುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊ ಬ್ಲೇಡಿನ ಅಂಚನ್ನು ಇದೇ ಪುಡಿ ಸವೆಸುತ್ತದೆ. ಅಂಥ ಕಾರನ್ನು ದೂರದ ಗಿರಾಕಿಗೆ ಒಯ್ಯುವ ಮೊದಲು ಟರ್ಬೊ ಪರೀಕ್ಷೆ ಮಾಡಿಸಿ. ಅಲ್ಲಿಗೆ ಹೋದ ಮೇಲೆ ಅವನ ಮೆಕ್ಯಾನಿಕ್ ಹಿಡಿದರೆ ಅವನು ಹೇಳಿದ್ದೇ ಬೆಲೆ.

ಹೆಚ್ಚು ಶಕ್ತಿಗಾಗಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮ್ಯಾಪ್, ಅಂದರೆ ಅದರ ಸಾಫ್ಟ್‌ವೇರ್ ಬದಲಿಸಿದ್ದೀರಾ? ‘ಮಾರುವಾಗ ಮೊದಲಿನಂತೆ ಮಾಡಿಸಿದರಾಯಿತು’ ಎನ್ನುವವರ ಮಾತು ನಂಬಬೇಡಿ. ಇಸಿಯುಗೆ ಎಷ್ಟು ಬಾರಿ ಸಾಫ್ಟ್‌ವೇರ್ ಬರೆದಿದ್ದಾರೆ ಎಂಬ ಲೆಕ್ಕ ಅದರೊಳಗೇ ಉಳಿಯಬಹುದು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಕಂಪನಿಯ ಸಿಸ್ಟಮ್ಮಿಗೆ ಇದು ತಿಳಿದರೆ ‘ಟಿಡಿ1’ ಎಂಬ ಗುರುತು ಬೀಳುತ್ತದೆ, ಆ ಮೇಲೆ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೇಳಿದರೆ ಕಷ್ಟ. ಮುಚ್ಚಿಡದೆ ಹೇಳಿ, ತೆಗೆದಿಟ್ಟ ಕಂಪನಿ ಸೈಲೆನ್ಸರ್, ಅಲಾಯ್, ಸ್ಪ್ರಿಂಗುಗಳನ್ನು ಜೊತೆಗೇ ಕೊಡಿ. ಮೂಲ ಭಾಗಗಳೆಲ್ಲ ಇರುವ ಬದಲಾಯಿಸಿದ ಕಾರಿಗೆ ಇನ್ನೂ ಗಿರಾಕಿ ಇದ್ದಾನೆ. ಮೂಲ ಭಾಗ ಗುಜರಿಗೆ ಹೋಗಿದ್ದರೆ ಕಷ್ಟ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2320 ಎಂದರೆ 2020ನೇ ಇಸವಿಯ 23ನೇ ವಾರ. ಆರು ವರ್ಷ ದಾಟಿದ ಟೈರಿನಲ್ಲಿ ನೆಲ ಹಿಡಿಯುವ ಪಟ್ಟೆ ಎಷ್ಟೇ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ರಾಯಚೂರಿನ ಬೇಸಿಗೆ ಅದನ್ನು ಇನ್ನೂ ಬೇಗ ಗಟ್ಟಿ ಮಾಡುತ್ತದೆ. 40 ಪ್ರೊಫೈಲಿನ (ಪಕ್ಕದ ಎತ್ತರ ಅಗಲದ 40 ಪರ್ಸೆಂಟ್ ಇರುವ) ತೆಳ್ಳನೆಯ ಟೈರು ಅದಿರು ಲಾರಿ ಓಡಿದ ರಸ್ತೆಯ ಗುಂಡಿಗೆ ಬಿದ್ದರೆ ಪಕ್ಕದಲ್ಲಿ ಬೋರೆಹಣ್ಣಿನಷ್ಟು ಉಬ್ಬು ಏಳುತ್ತದೆ. ಒಳಗಿನ ದಾರ ಹರಿದಿದೆ ಎಂದರ್ಥ. ಬದಲಿಸುವುದೊಂದೇ ದಾರಿ.

ಮೂರನೆಯದು: ಇಟ್ಟುಕೊಂಡರೆ ಎಷ್ಟು?

ವರ್ಷಕ್ಕೆ 3,000 ಕಿ.ಮೀ. ಓಡುವ ಕಾರು ಎಂದಿಟ್ಟುಕೊಳ್ಳಿ. ಮುಂದಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮವನ್ನು ಹಾಕಿಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ 17,45,000 ಬರುವ ಕಾರು ಶೆಡ್ಡಿನಲ್ಲಿದ್ದರೆ ಆ ಹಣಕ್ಕೆ 7 ಪರ್ಸೆಂಟ್ ಬಡ್ಡಿ ಸುಮಾರು 1,22,000. ವಿಮೆ 60,000. ಸರ್ವಿಸ್ 35,000. ಟೈರಿನ ವರ್ಷದ ಪಾಲು 20,000. ಒಟ್ಟು 2,37,000, ಅಂದರೆ ಪೆಟ್ರೋಲ್ ಹಾಕುವ ಮೊದಲೇ ಕಿಲೋಮೀಟರಿಗೆ 79 ರೂಪಾಯಿ. ಆ ಕಾರು ಓಡಿಸುವಾಗ ಸಿಗುವ ಸಂತೋಷಕ್ಕೆ ಇಷ್ಟು ಕೊಡಲು ಮನಸ್ಸಿದ್ದರೆ ಇಟ್ಟುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಓಡಿಸದೆ ಕವರ್ ಹೊದಿಸಿ ಇಡುವುದಾದರೆ ಮಾತ್ರ ಇಟ್ಟುಕೊಳ್ಳಬೇಡಿ. ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಡಿಸ್ಕ್‌ಗೆ ತುಕ್ಕು ಹಿಡಿಯುತ್ತದೆ, ಟೈರು ನಿಂತಲ್ಲೇ ಚಪ್ಪಟೆಯಾಗುತ್ತದೆ, ಧೂಳಿನ ಮೇಲೆ ಹೊದಿಸಿದ ಕವರ್ ಗಾಳಿಗೆ ಅಲುಗಿ ಬಣ್ಣವನ್ನು ಉಜ್ಜುತ್ತದೆ.

ಸರ್ವಿಸ್ ದೂರವನ್ನೂ ಸೇರಿಸಿ. ಬಳ್ಳಾರಿಯಿಂದ ಹುಬ್ಬಳ್ಳಿಗೆ 200 ಕಿ.ಮೀ.ಗೂ ಹೆಚ್ಚು, ಬೆಂಗಳೂರಿಗೆ 300ಕ್ಕೂ ಹೆಚ್ಚು. ಆ ಮಾದರಿಗಷ್ಟೇ ಇರುವ ಬಂಪರ್ ಒಡೆದರೆ ಭಾಗ ಬರುವವರೆಗೆ ವಾರಗಟ್ಟಲೆ ಕಾಯಬೇಕಾಗಬಹುದು.

ನಾಲ್ಕನೆಯದು: ಎಕ್ಸ್‌ಚೇಂಜ್ ಬೆಲೆಯನ್ನು ಬಿಡಿಸಿ ನೋಡುವುದು

ಶೋರೂಂನವರು ಒಂದೇ ಒಟ್ಟು ಮೊತ್ತ ಹೇಳುತ್ತಾರೆ. ಮೂರು ಅಂಕಿಯನ್ನು ಬೇರೆಬೇರೆ ಬರೆಸಿಕೊಳ್ಳಿ: ಹಳೆಯ ಕಾರಿನ ಬೆಲೆ, ಎಕ್ಸ್‌ಚೇಂಜ್ ಬೋನಸ್, ಹಳೆಯ ಕಾರು ಕೊಡದೆ ಬಂದರೆ ಹೊಸದಕ್ಕೆ ಸಿಗುವ ರಿಯಾಯಿತಿ. ಹಳೆಯದಕ್ಕೆ 17 ಲಕ್ಷ, ಬೋನಸ್ 75,000, ಬರಿಗೈಯಲ್ಲಿ ಹೋದರೂ 30,000 ರಿಯಾಯಿತಿ ಇದೆ ಎನ್ನೋಣ. ಆಗ ಬೋನಸ್ಸಿನ ನಿಜವಾದ ಲಾಭ 45,000. ಎಕ್ಸ್‌ಚೇಂಜ್‌ನ ಅಸಲಿ ಬೆಲೆ 17,45,000.

ಹಳೆಯ ಕಾರು ಕೊಟ್ಟರೆ ಹೊಸದರ ತೆರಿಗೆ ಇಳಿಯುತ್ತದೆ ಎಂದು ಕೆಲವರು ನಂಬಿದ್ದಾರೆ. ಇಳಿಯುವುದಿಲ್ಲ. ಜಿಎಸ್‌ಟಿ, ಕರ್ನಾಟಕದ ಜೀವಿತಾವಧಿ ತೆರಿಗೆ ಎರಡನ್ನೂ ಹೊಸ ಕಾರಿನ ಪೂರ್ತಿ ಬೆಲೆಯ ಮೇಲೇ ಹಾಕುತ್ತಾರೆ.

ಈಗ ನೇರ ಮಾರಾಟ. ದೂರದ ಗಿರಾಕಿ 19,50,000 ಒಪ್ಪಿದ್ದಾನೆ ಎನ್ನೋಣ. ಲಾರಿ ಸಾಗಾಟ 18,000, ಸ್ವಚ್ಛತೆ 15,000, ವರ್ಕ್‌ಶಾಪ್ ತಪಾಸಣೆ 6,000, ಬ್ರೋಕರ್‌ಗೆ 1 ಪರ್ಸೆಂಟ್ 19,500, ಮಾರಾಟವಾಗುವ ಮೂರು ತಿಂಗಳ ವಿಮೆ 15,000, ಅಷ್ಟೇ ಅವಧಿಯ ಬಡ್ಡಿ 30,500. ಒಟ್ಟು 1,04,000 ಕಳೆದರೆ ಕೈಗೆ 18,46,000, ಎಕ್ಸ್‌ಚೇಂಜ್‌ಗಿಂತ 1,01,000 ಹೆಚ್ಚು. ಅದೇ ಗಿರಾಕಿ 18,50,000ಕ್ಕೆ ಇಳಿಸಿದರೆ ಖರ್ಚೆಲ್ಲ ಕಳೆದು ಉಳಿಯುವುದು 17,47,000. ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಚೌಕಾಸಿಗೆ ಕೂರುವ ಮೊದಲೇ ಈ ಸಮವಾಗುವ ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಕೆಳಗೆ ಇಳಿದರೆ ಶೋರೂಂಗೆ ಹೋಗಿ.

ಕಾರು ಮೂಲಸ್ಥಿತಿಯಲ್ಲಿದ್ದು ಕಾಗದವೆಲ್ಲ ಇದ್ದರೆ ನೇರ ಮಾರಾಟಕ್ಕೆ ಮೂರು ತಿಂಗಳು ಕೊಡುವುದು ನಮ್ಮ ಸಲಹೆ. ಛಾವಣಿ ಅಥವಾ ಕಂಬಗಳಲ್ಲಿ ಪುಟ್ಟಿ, ಮೂಲ ಭಾಗ ನಾಪತ್ತೆ, ಮೀಟರ್ ಓಟಕ್ಕೂ ಸರ್ವಿಸ್ ದಾಖಲೆಗೂ ತಾಳೆ ಇಲ್ಲ ಎಂದಾದರೆ ಎಕ್ಸ್‌ಚೇಂಜ್‌ಗೆ ಕೊಡಿ, ಮುಚ್ಚಿಡದೆ ಕೊಡಿ.

ಕಾಲವನ್ನೂ ನೋಡಿ. ಆಷಾಢ, ಧನುರ್ಮಾಸದಲ್ಲಿ ನಮ್ಮ ಕಡೆ ಹೊಸ ಕಾರು ಕೊಳ್ಳುವವರು ಕಡಿಮೆ, ಆಗ ಬೋನಸ್ ಏರಿಸಲು ಶೋರೂಂನವರು ಬೇಗ ಒಪ್ಪುತ್ತಾರೆ. ನೇರವಾಗಿ ಮಾರುವವರು ಯುಗಾದಿ ಅಥವಾ ದಸರಾಕ್ಕೆ ತಿಂಗಳ ಮುಂಚೆ ಶುರು ಮಾಡಲಿ.

ನೋಂದಣಿ ಮತ್ತು ತೆರಿಗೆ

ಆಂಧ್ರದ ಗಡಿ ಹತ್ತಿರವಿರುವುದರಿಂದ ಹೊರರಾಜ್ಯದ ನಂಬರಿನ ಕಾರುಗಳು ಇಲ್ಲಿ ಸಾಕಷ್ಟಿವೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಇಟ್ಟ ವಾಹನಕ್ಕೆ ಅಲ್ಲಿನ ತೆರಿಗೆ ಕಟ್ಟಿ ಹೊಸ ನೋಂದಣಿ ಮಾಡಿಸಬೇಕು. ಕೊಳ್ಳುವವನು ಆ ತೆರಿಗೆಯನ್ನು ನಿಮ್ಮ ಬೆಲೆಯಲ್ಲೇ ಮುರಿಯುತ್ತಾನೆ. ಬಳ್ಳಾರಿ ನೋಂದಣಿಯ ಕೆಎ 34 ಕಾರನ್ನು ಹೈದರಾಬಾದ್‌ಗೆ ಮಾರಿದರೂ ಇದೇ ಮಾತು. ಫಾರಂ 28ರಲ್ಲಿ ಆರ್‌ಟಿಒ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಕೊಟ್ಟು ಮೊದಲು ತೆಗೆಸಿ.

ಸ್ವಂತ ಬಳಕೆಯ ಕಾರು ಮಾರಿದ ಹಣಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಗಣಿ, ಟ್ರಾನ್ಸ್‌ಪೋರ್ಟ್ ಅಥವಾ ಜೀನ್ಸ್ ವ್ಯವಹಾರದ ಲೆಕ್ಕದಲ್ಲಿ ಕಾರಿದ್ದು ಸವಕಳಿ (ವರ್ಷವರ್ಷ ಬೆಲೆ ಇಳಿದದ್ದು) ತೋರಿಸಿದ್ದರೆ ಲೆಕ್ಕ ಬೇರೆ. ಜಿಎಸ್‌ಟಿ ನೋಂದಣಿ ಇರುವವರು, ಮಾರಿದ ಬೆಲೆ ಸವಕಳಿ ಕಳೆದ ಬೆಲೆಗಿಂತ ಎಷ್ಟು ಹೆಚ್ಚೋ ಅಷ್ಟಕ್ಕೆ 18 ಪರ್ಸೆಂಟ್ ಕಟ್ಟಬೇಕು. ಅಪರೂಪದ ಕಾರು ಬೆಲೆ ಉಳಿಸಿಕೊಂಡಷ್ಟೂ ಈ ತೆರಿಗೆ ದೊಡ್ಡದಾಗುತ್ತದೆ, ಬೆಲೆ ಒಪ್ಪುವ ಮೊದಲೇ ಲೆಕ್ಕಿಗರನ್ನು ಕೇಳಿ.

ಕೊಡುವ ದಿನ

ಹಣ ಖಾತೆಗೆ ಬಂದ ಮೇಲೆಯೇ ಕೀ. ವ್ಯಕ್ತಿಗೆ ಮಾರಿದರೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ. ಖಾಲಿ ಫಾರಂಗೆ ಸಹಿ ಹಾಕಬೇಡಿ, ಕೊಳ್ಳುವವನ ಹೆಸರು, ತಾರೀಖು ತುಂಬಿರಲಿ. ರಾಜ್ಯದೊಳಗಿನ ಮಾರಾಟವನ್ನು 14 ದಿನದಲ್ಲಿ ಆರ್‌ಟಿಒಗೆ ತಿಳಿಸುವುದು ಮಾರಿದವನ ಹೊಣೆ. ಶೋರೂಂಗೆ ಕೊಟ್ಟರೆ ಅವರಿಗೆ ಹಳೆಯ ವಾಹನ ವ್ಯಾಪಾರದ ಅಧಿಕೃತ ಪತ್ರ ಇದೆಯೇ ಕೇಳಿ, ಇದ್ದರೆ ಕಾರನ್ನು ಡೀಲರ್‌ಗೆ ಒಪ್ಪಿಸಿದ್ದನ್ನು ತಿಳಿಸುವ ಫಾರಂ 29ಸಿ ಸಲ್ಲಿಸಿಸಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ನಿಯಮದಂತೆ ಆಮೇಲಿನ ಹೊಣೆ ಡೀಲರ್ ಮೇಲೆ ಹೋಗುತ್ತದೆ. ಇಲ್ಲವಾದರೆ ಮುಂದಿನ ಗಿರಾಕಿ ಸಿಗುವವರೆಗೆ ಆರ್‌ಸಿ ನಿಮ್ಮ ಹೆಸರಲ್ಲೇ ಇರುತ್ತದೆ, ದಂಡವೂ ಅಪಘಾತದ ಕೇಸೂ ನಿಮ್ಮ ಮನೆಗೇ ಬರುತ್ತವೆ.

ವಿಮೆಯ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಅದು 50 ಪರ್ಸೆಂಟ್. ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ಬಳಸಿ, ಮೂರು ವರ್ಷದವರೆಗೆ ನಡೆಯುತ್ತದೆ.

ಮೀಟರಿನ ಫೋಟೊ ತೆಗೆದುಕೊಳ್ಳಿ. ರಸೀದಿಯಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷವನ್ನೂ ಬರೆಸಿ. ಕಾರಿನ ಪರದೆಯಿಂದ ನಿಮ್ಮ ಫೋನ್ ಮತ್ತು ಮನೆಯ ವಿಳಾಸ ಅಳಿಸಿ. ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು ಬ್ಯಾಂಕಿನಲ್ಲಿ ಮುಚ್ಚಿಸಿ. ಮರೆತರೆ ಮುಂದಿನ ಟೋಲ್ ದಾಟಿದಾಗ ದುಡ್ಡು ನಿಮ್ಮ ಖಾತೆಯಿಂದಲೇ ಹೋಗುತ್ತದೆ.